ಹದಿನಾಲ್ಕನೇ ನಂಬರಿನ ಮುನಿಸು

ವಿರಾಜಪೇಟೆ ಕಡೆಯ ಹಾಕಿ ಕ್ಲಬ್ಬೊಂದರ ಕಾರ್ಯದರ್ಶಿಯವರು ಬರೆದಿರುವ ಪತ್ರದ ಸಾರ ಇದು: "ನಮ್ಮ ಕ್ಲಬ್ಬಿಗೆ ಈ ವರ್ಷ ಬೆಳ್ಳಿಹಬ್ಬ. ಮೊದಲ ಹತ್ತು ವರ್ಷ ತಂಡವನ್ನು ಹೆಗಲ ಮೇಲೆ ಹೊತ್ತಿದ್ದ ಸೆಂಟರ್ ಹಾಫ್ ಒಬ್ಬರು ಆಗಿನ ಅಧ್ಯಕ್ಷರ ಜೊತೆ ಮನಸ್ತಾಪವಾಗಿ ಹೋದವರು ಮತ್ತೆ ನಮ್ಮ ಮೈದಾನಕ್ಕೆ ಕಾಲಿಟ್ಟಿಲ್ಲ. ಆ ಅಧ್ಯಕ್ಷರು ಈಗ ಬದುಕಿಲ್ಲ. ನಾವು ಮೂವರು ಪದಾಧಿಕಾರಿಗಳು ಅವರ ಮನೆಗೆ ಹೋಗಿ ಆಮಂತ್ರಣ ಕೊಟ್ಟೆವು. ಶಾಲು, ಹಾರ, ಫಲಕ ಎಲ್ಲ ಇದೆ ಎಂದೆವು. 'ನೋಡೋಣ' ಎಂದರು, ಅಷ್ಟೆ. ಕೆನಡಾದ ಆಟಗಾರರೊಬ್ಬರು ನಲವತ್ತು ವರ್ಷ ತಮ್ಮ ತಂಡದಿಂದ ದೂರ ಇದ್ದರೆಂದು ಕೇಳಿದ್ದೇವೆ. ಅವರನ್ನು ಹೇಗೆ ಕರೆತಂದರು? ನಾವೇನು ಮಾಡಬೇಕು?"

ಪ್ರಿಯ ಕಾರ್ಯದರ್ಶಿಗಳೇ,

ನೀವು ಹೇಳುತ್ತಿರುವ ಆಟಗಾರ ಡೇವ್ ಕೀಯಾನ್, ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಸೆಂಟರ್. ಅವರದು ಐಸ್ ಹಾಕಿ, ನಿಮ್ಮದು ಹುಲ್ಲಿನ ಮೇಲಿನ ಹಾಕಿ. ಆದರೆ ನಿಮ್ಮ ಕ್ಲಬ್ಬಿಗೆ ಅವರ ಪ್ರಕರಣದಷ್ಟು ಹತ್ತಿರದ ಇನ್ನೊಂದು ಉದಾಹರಣೆ ನಮಗೆ ಗೊತ್ತಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ಕೀಯಾನ್ 1960ರಲ್ಲಿ ಲೀಫ್ಸ್ ಸೇರಿ 15 ಋತು ಆಡಿದರು. 1962, 1963, 1964, 1967, ಈ ನಾಲ್ಕು ವರ್ಷ ತಂಡ ಲೀಗಿನ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗಲೂ ಅವರು ತಂಡದಲ್ಲಿದ್ದರು. 1967ರಲ್ಲಿ ಪ್ಲೇಆಫ್‌ನ, ಅಂದರೆ ಕಪ್ ಯಾರಿಗೆಂದು ತೀರ್ಮಾನಿಸುವ ಕೊನೆಯ ಸುತ್ತುಗಳ, ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿಯೂ ಅವರಿಗೇ ಬಂತು. 1969ರಿಂದ ನಾಯಕ. ಲೀಫ್ಸ್ ಪರ 1062 ಪಂದ್ಯ, 365 ಗೋಲು, 858 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ). ಅವರು ತಂಡ ಬಿಟ್ಟಾಗ ಗೋಲು, ಪಾಯಿಂಟ್ ಎರಡರಲ್ಲೂ ಅದೇ ತಂಡದ ದಾಖಲೆ. ಐಸ್ ಹಾಕಿಯಲ್ಲಿ ಸಣ್ಣ ತಪ್ಪಿಗೂ ಎರಡು ನಿಮಿಷ ಹೊರಗೆ ಕೂರಬೇಕು. ಕೀಯಾನ್ ಉತ್ತರ ಅಮೆರಿಕದ ಮುಖ್ಯ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡಿದ ಒಟ್ಟು 1296 ಪಂದ್ಯಗಳಲ್ಲಿ ಹಾಗೆ ಕೂತದ್ದು ಬರೀ 117 ನಿಮಿಷ. ಇದನ್ನು ಬೇಕೆಂದೇ ಹೇಳುತ್ತಿದ್ದೇವೆ. ಇಂಥ ಶಿಸ್ತಿನ ಮನುಷ್ಯ ನಲವತ್ತು ವರ್ಷ ಪಟ್ಟು ಹಿಡಿದರೆ ಅದಕ್ಕೆ ಸಿಟ್ಟಿಗಿಂತ ಗಟ್ಟಿಯಾದ ಕಾರಣ ಇರಲೇಬೇಕು.

ಕಾರಣ ಒಂದಲ್ಲ, ಎರಡು. ಎಲ್ಲರೂ ಹೇಳುವುದು ಮೊದಲನೆಯದನ್ನು ಮಾತ್ರ. 1975ರಲ್ಲಿ ಅವರ ಒಪ್ಪಂದ ಮುಗಿಯಿತು, ವಯಸ್ಸು 35. ಮಾಲೀಕ ಹೆರಾಲ್ಡ್ ಬಲ್ಲಾರ್ಡ್ ತಂಡದಲ್ಲಿ ಇವರಿಗೆ ಜಾಗ ಇಲ್ಲವೆಂದರು. ಹೋಗಲಿ, ಬೇರೆ ತಂಡಕ್ಕಾದರೂ ಬಿಟ್ಟರೇ? ಅದೂ ಇಲ್ಲ. ಒಪ್ಪಂದ ಮುಗಿದ ಆಟಗಾರನನ್ನು ಲೀಗಿನ ಇನ್ನೊಂದು ತಂಡ ತೆಗೆದುಕೊಂಡರೆ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಾಗಿದ್ದ ಕಾಲ ಅದು. ಯಾರೂ ಮುಂದೆ ಬರದಷ್ಟು ದೊಡ್ಡ ಪರಿಹಾರವನ್ನು ಬಲ್ಲಾರ್ಡ್ ಕೇಳಿದರು. ಎನ್‌ಎಚ್‌ಎಲ್‌ನ ಬಾಗಿಲು ಮುಚ್ಚಿದ್ದರಿಂದ ಕೀಯಾನ್ ಪ್ರತಿಸ್ಪರ್ಧಿ ಲೀಗ್ ಡಬ್ಲ್ಯುಎಚ್‌ಎಗೆ, ಮಿನ್ನೆಸೋಟಾ ತಂಡಕ್ಕೆ ಹೋಗಬೇಕಾಯಿತು. 1979ರಲ್ಲಿ, ಆ ಲೀಗಿನಲ್ಲಿ ಅವರು ಆಮೇಲೆ ಸೇರಿದ್ದ ಹಾರ್ಟ್‌ಫರ್ಡ್ ತಂಡವೇ ಎನ್‌ಎಚ್‌ಎಲ್ ಸೇರಿದಾಗ ಅದರ ಜೊತೆ ಇವರೂ ಮರಳಿ ಬಂದರು. 1982ರಲ್ಲಿ ಆಟ ನಿಲ್ಲಿಸಿದರು. ನಮ್ಮ ಕಡೆ ಕ್ಲಬ್ಬುಗಳು ಎನ್‌ಒಸಿ ಕೊಡದೆ ಆಟಗಾರನನ್ನು ವರ್ಷಗಟ್ಟಲೆ ಕೂರಿಸುತ್ತವಲ್ಲ, ಅದರ ದೊಡ್ಡ ರೂಪ ಇದು.

ಬಲ್ಲಾರ್ಡ್ 1990ರಲ್ಲಿ ತೀರಿಕೊಂಡರು. ನಿಮ್ಮ ಲೆಕ್ಕದ ಪ್ರಕಾರ ಮುನಿಸು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನೂ 26 ವರ್ಷ ಹಿಡಿಯಿತು, ಏಕೆಂದರೆ ಎರಡನೆಯ ಕಾರಣ ಮನುಷ್ಯನಲ್ಲ, ನಿಯಮ.

ದೊಡ್ಡ ಆಟಗಾರನ ನಂಬರನ್ನು ನಿವೃತ್ತಿಗೊಳಿಸುವುದು ಐಸ್ ಹಾಕಿಯಲ್ಲಿ ಅತಿ ದೊಡ್ಡ ಮರ್ಯಾದೆ. ಆ ನಂಬರಿನ ಬ್ಯಾನರ್ ಅರೀನಾದ ಮಾಳಿಗೆಯಲ್ಲಿ ತೂಗುತ್ತದೆ, ಆಮೇಲೆ ಯಾರಿಗೂ ಆ ನಂಬರಿನ ಜೆರ್ಸಿ ಕೊಡುವುದಿಲ್ಲ. ಈ ಪದ್ಧತಿಯನ್ನು ಎನ್‌ಎಚ್‌ಎಲ್‌ನಲ್ಲಿ ಶುರು ಮಾಡಿದ್ದೇ ಲೀಫ್ಸ್. 1933ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಎಡ್ಡಿ ಶೋರ್ ಹಿಂದಿನಿಂದ ಬಂದು ಗುದ್ದಿದ ಪೆಟ್ಟಿಗೆ ಲೀಫ್ಸ್‌ನ ಏಸ್ ಬೈಲಿ ಅವರ ತಲೆಬುರುಡೆ ಒಡೆದು, ಆಟದ ಬದುಕೇ ಮುಗಿಯಿತು. 1934ರ ಫೆಬ್ರುವರಿ 14ರಂದು ಬೈಲಿ ಅವರ ಸಹಾಯಾರ್ಥ ಪಂದ್ಯ ನಡೆದಾಗ ಅವರ 6ನೇ ನಂಬರನ್ನು ನಿವೃತ್ತಿಗೊಳಿಸಿದರು. ಅದೇ ರಾತ್ರಿ ಬೈಲಿ, ಶೋರ್ ಇಬ್ಬರೂ ಮಂಜಿನ ಮೇಲೆ ಕೈಕುಲುಕಿದರು. ಸಾವಿನ ಅಂಚು ಮುಟ್ಟಿ ಬಂದವರ ರಾಜಿಗೆ ಎರಡು ತಿಂಗಳು ಸಾಕಾಯಿತು! 1951ರ ಕಪ್ ಗೆಲುವಿನ ಗೋಲು ಹೊಡೆದು, ಅದೇ ಬೇಸಿಗೆಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಬಿಲ್ ಬರಿಲ್ಕೊ ಅವರ 5ನೇ ನಂಬರಿಗೂ ಮುಂದೆ ಅದೇ ಮರ್ಯಾದೆ ಸಿಕ್ಕಿತು.

ಈ ಎರಡರಿಂದ ಕ್ಲಬ್ಬಿನ ನಿಯಮ ಗಟ್ಟಿಯಾಯಿತು: ತಂಡದಲ್ಲಿದ್ದಾಗಲೇ ದುರಂತಕ್ಕೆ ಸಿಕ್ಕಿ ಆಟ ಕೊನೆಗೊಂಡವರಿಗೆ ಮಾತ್ರ ನಂಬರಿನ ನಿವೃತ್ತಿ. ಉಳಿದ ದಿಗ್ಗಜರ ನಂಬರಿಗೆ 'ಗೌರವ' ಮಾತ್ರ. ಬ್ಯಾನರ್ ಕಟ್ಟುತ್ತಾರೆ, ಆದರೆ ಆ ನಂಬರನ್ನು ಹೊಸಬರು ಹಾಕಿಕೊಳ್ಳಬಹುದು. ಕೀಯಾನ್ ಅವರ 14ನ್ನು ಎರಡು ಸಾವಿರದ ದಶಕದಲ್ಲಿ ಮ್ಯಾಟ್ ಸ್ಟೇಜನ್ ತೊಟ್ಟಿದ್ದರು. ಈ ಅರೆಗೌರವ ಕೀಯಾನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ತಂಡ ಕಟ್ಟಿದವರ ನಂಬರನ್ನು ನಿವೃತ್ತಿಗೊಳಿಸಬೇಕು ಎಂಬುದು ಅವರ ನಿಲುವು.

ಕ್ಲಬ್ಬಿನ ಕಷ್ಟವನ್ನೂ ಹೇಳಬೇಕು. ಆಟಗಾರರಿಗೆ ಸಿಗುವುದು 1ರಿಂದ 98ರವರೆಗಿನ ನಂಬರು. 99 ದಿಗ್ಗಜ ಆಟಗಾರ ವೇನ್ ಗ್ರೆಟ್ಜ್ಕಿ ಅವರ ಹೆಸರಿನಲ್ಲಿ ಇಡೀ ಲೀಗಿಗೇ ನಿವೃತ್ತ. ಮಾಂಟ್ರಿಯಲ್ ತಂಡ 15 ನಂಬರುಗಳನ್ನು ನಿವೃತ್ತಿಗೊಳಿಸಿದೆ. ಅಲ್ಲಿ ಹತ್ತರೊಳಗೆ ಉಳಿದಿರುವುದು 6 ಮತ್ತು 8 ಮಾತ್ರ. ಹಳೆಯ ಕ್ಲಬ್ಬುಗಳು ಹಿಂಜರಿಯುವುದಕ್ಕೆ ಅರ್ಥವಿದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 2007ರ ಫೆಬ್ರುವರಿಯಲ್ಲಿ 1967ರ ಗೆಲುವಿಗೆ ನಲವತ್ತು ವರ್ಷ ತುಂಬಿತೆಂದು ಕ್ಲಬ್ ಹಳೆಯ ತಂಡವನ್ನೆಲ್ಲ ಕರೆಯಿತು. ಕೀಯಾನ್ ಬಂದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಅವರು ಬಂದದ್ದು ಜೊತೆಗೆ ಆಡಿದವರಿಗಾಗಿ. ಕ್ಲಬ್ಬಿನ ಜೊತೆಗಿನ ಲೆಕ್ಕ ಹಾಗೇ ಉಳಿಯಿತು. ಶತಮಾನೋತ್ಸವ ಹತ್ತಿರ ಬಂದಾಗ, ಬ್ರೆಂಡನ್ ಶಾನಹನ್ ಅಧ್ಯಕ್ಷರಾಗಿದ್ದ ಕಾಲದಲ್ಲಿ, ಕೆಲಸ ಸರಿಯಾದ ಕ್ರಮದಲ್ಲಿ ನಡೆಯಿತು. 2016ರ ಜನವರಿಯಲ್ಲಿ ಅರೀನಾದ ಹೊರಗಿನ ಗ್ರಾನೈಟ್ ಬೆಂಚಿನ ದಿಗ್ಗಜರ ಸಾಲಿಗೆ ಅವರ ಕಂಚಿನ ಪ್ರತಿಮೆಯನ್ನು ಸೇರಿಸುವುದಾಗಿ ಘೋಷಿಸಿದರು. ಒಬ್ಬರಿಗೇ ಅಲ್ಲ, ತೀರಿಕೊಂಡಿದ್ದ ಟರ್ಕ್ ಬ್ರೋಡಾ ಮತ್ತು ಟಿಮ್ ಹಾರ್ಟನ್ ಅವರಿಗೂ ಸೇರಿಸಿ. ಅಕ್ಟೋಬರಿನಲ್ಲಿ ಕ್ಲಬ್ಬಿನ ಸಾರ್ವಕಾಲಿಕ ನೂರು ಆಟಗಾರರ ಪಟ್ಟಿ ಬಂತು, ಮೊದಲ ಹೆಸರು ಕೀಯಾನ್. ಅಕ್ಟೋಬರ್ 15ರಂದು, ಬಾಸ್ಟನ್ ವಿರುದ್ಧ ಸ್ವಂತ ಅಂಗಳದ ಮೊದಲ ಪಂದ್ಯದಲ್ಲಿ, ಕ್ಲಬ್ ತನ್ನ ನಿಯಮವನ್ನೇ ಬದಲಿಸಿತು. ಅದುವರೆಗೆ ಬರೀ 'ಗೌರವ' ಪಡೆದಿದ್ದ 16 ಮಂದಿ, ಅವರ ಜೊತೆ ಕೀಯಾನ್, ಒಟ್ಟು 17 ಆಟಗಾರರ 11 ನಂಬರುಗಳು (ಕೆಲವು ನಂಬರನ್ನು ಇಬ್ಬರು ತೊಟ್ಟಿದ್ದರು) ಒಂದೇ ರಾತ್ರಿ ನಿವೃತ್ತವಾದವು. ಇದರಲ್ಲೇ ಜಾಣತನ ಇರುವುದು. ಕೀಯಾನ್ ಒಬ್ಬರಿಗೆ ವಿನಾಯಿತಿ ಕೊಟ್ಟಿದ್ದರೆ ಹಟ ಮಾಡಿದವರಿಗೆ ಸಿಕ್ಕಿತು ಎಂಬ ಮಾತು ಉಳಿಯುತ್ತಿತ್ತು, ಸುಮ್ಮನಿದ್ದ ಉಳಿದವರಿಗೆ ಅನ್ಯಾಯವಾಗುತ್ತಿತ್ತು.

ಎಲ್ಲ ಮುನಿಸೂ ಹೀಗಿರುವುದಿಲ್ಲ. ಮಾಂಟ್ರಿಯಲ್‌ನ ಗೋಲ್‌ಕೀಪರ್ ಪ್ಯಾಟ್ರಿಕ್ ರೂವಾ 1995ರ ಡಿಸೆಂಬರ್ 2ರಂದು ಡೆಟ್ರಾಯಿಟ್ ವಿರುದ್ಧ ಒಂಬತ್ತು ಗೋಲು ಬಿಟ್ಟುಕೊಡುವವರೆಗೂ ಕೋಚ್ ಮಾರಿಯೊ ಟ್ರಾಂಬ್ಲೆ ಅವರನ್ನು ಹೊರಗೆ ಕರೆಯಲಿಲ್ಲ. ಹೊರಬಂದ ರೂವಾ ಬೆಂಚಿನ ಹಿಂದೆ ಕೂತಿದ್ದ ಅಧ್ಯಕ್ಷರ ಬಳಿ ಹೋಗಿ, ಮಾಂಟ್ರಿಯಲ್‌ನಲ್ಲಿ ಇದೇ ತನ್ನ ಕೊನೆಯ ಪಂದ್ಯ ಎಂದುಬಿಟ್ಟರು. ನಾಲ್ಕೇ ದಿನದಲ್ಲಿ ಅವರನ್ನು ಕೊಲರಾಡೊಗೆ ಕೊಟ್ಟರು. 2008ರ ನವೆಂಬರ್ 22ರಂದು ಅದೇ ಮಾಂಟ್ರಿಯಲ್ ಅವರ 33ನ್ನು ನಿವೃತ್ತಿಗೊಳಿಸಿತು. ಹದಿಮೂರು ವರ್ಷದಲ್ಲಿ ಮುಗಿದದ್ದೇಕೆಂದರೆ ಅದು ಒಂದು ರಾತ್ರಿಯ, ಮನುಷ್ಯರ ನಡುವಿನ ಜಗಳ. ಆ ಕೋಚ್, ಆ ಅಧ್ಯಕ್ಷ ಇಬ್ಬರೂ ಹುದ್ದೆ ಬಿಟ್ಟು ಎಷ್ಟೋ ಕಾಲವಾಗಿತ್ತು. ತಡೆಯುವ ನಿಯಮ ಯಾವುದೂ ಇರಲಿಲ್ಲ.

ಆದ್ದರಿಂದ ನಿಮ್ಮ ಸೆಂಟರ್ ಹಾಫ್ ಅವರದು ರೂವಾ ಬಗೆಯ ಮುನಿಸೋ, ಕೀಯಾನ್ ಬಗೆಯದೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಆ ವರ್ಷದ ನಡಾವಳಿ ಪುಸ್ತಕ ತೆಗೆಯಿರಿ. ಎನ್‌ಒಸಿ ತಡೆದಿದ್ದರೇ? ಬಹುಮಾನದ ಹಣದಲ್ಲಿ ಅವರ ಪಾಲು ಕೊಡದೆ ಉಳಿದಿದೆಯೇ? ಕ್ಲಬ್ಬಿನ ಗೋಡೆಯ ನಾಯಕರ ಹಲಗೆಯಲ್ಲಿ ಅವರ ಹೆಸರು ಬಿಟ್ಟುಹೋಗಿದೆಯೇ? ಶಿಸ್ತುಕ್ರಮದ ನಿರ್ಣಯ ಇನ್ನೂ ಜಾರಿಯಲ್ಲಿದೆಯೇ? ಇವುಗಳಲ್ಲಿ ಒಂದಿದ್ದರೂ ಶಾಲು ಹೊದಿಸಿ ಮುಚ್ಚಲಾಗದು. ನೀವು ಹೋದ ದಿನ ಅವರು 'ನೋಡೋಣ' ಎಂದದ್ದು ಬಹುಶಃ ಇದಕ್ಕೇ.

ತಪ್ಪು ಸಿಕ್ಕರೆ ಬೆಳ್ಳಿಹಬ್ಬಕ್ಕೆ ಮುಂಚೆಯೇ ಸಭೆ ಕರೆದು ಸರಿಪಡಿಸಿ. ಹಳೆಯ ನಿರ್ಣಯ ರದ್ದಾಗಲಿ, ಹಣ ಇದ್ದರೆ ಸಲ್ಲಲಿ, ಹಲಗೆಗೆ ಬಣ್ಣ ಬಳಿದು ಹೆಸರು ಸೇರಲಿ. ಅದೇ ರೀತಿ ನೊಂದವರು ಬೇರೆ ಯಾರಿದ್ದರೂ ಅದೇ ನಿರ್ಣಯದಲ್ಲಿ ಸೇರಿಸಿ. ನಿರ್ಣಯದ ಪ್ರತಿಯನ್ನು ಪದಾಧಿಕಾರಿಗಳ ಬದಲು ಅವರ ಜೊತೆ ಆಡಿದ ಒಬ್ಬರ ಕೈಯಲ್ಲಿ ಕಳಿಸಿ. ಆ ಭೇಟಿಯಲ್ಲಿ ಆಮಂತ್ರಣ ಬೇಡ, ದಿನಾಂಕದ ಮಾತೂ ಬೇಡ. ಒಂದು ವಾರ ಬಿಟ್ಟು ನೀವು ಹೋಗಿ.

ನಂಬರ್ ನಿವೃತ್ತಿಯ ಯೋಚನೆ ಬಂದಿದ್ದರೆ ಬಿಡಿ. ಎರಡು ಸೆಟ್ ಜೆರ್ಸಿಯಲ್ಲಿ ವರ್ಷವಿಡೀ ಆಡುವ ಕ್ಲಬ್ಬಿಗೆ ಅದು ಹೊಂದುವುದಿಲ್ಲ. ಅದರ ಬದಲು ಅವರ ನಂಬರಿನ ಜೆರ್ಸಿಯನ್ನು ನಿಮ್ಮ ಕಿರಿಯ ತಂಡದ ಒಬ್ಬ ಮಿಡ್‌ಫೀಲ್ಡರ್‌ಗೆ ಅವರ ಕೈಯಿಂದಲೇ ಕೊಡಿಸಿ. ಟೊರೊಂಟೊದಲ್ಲಿ ಏಸ್ ಬೈಲಿ ನಿವೃತ್ತವಾಗಿದ್ದ ತಮ್ಮ 6ನ್ನು ಹಾಕಿಕೊಳ್ಳುವಂತೆ ಮುಂದಿನ ತಲೆಮಾರಿನ ಆಟಗಾರ ರಾನ್ ಎಲ್ಲಿಸ್ ಅವರನ್ನು ತಾವೇ ಕೇಳಿಕೊಂಡಿದ್ದರು.

ಸಮಾರಂಭದ ದಿನ ಕೆಲಸ ಕೆಡುವುದು ವೇದಿಕೆಯಲ್ಲಿ. ಶಾಸಕರು ಬರುವವರೆಗೆ ಅವರನ್ನು ಕಾಯಿಸಬೇಡಿ. ಸನ್ಮಾನಿತರ ಸಾಲಿನಲ್ಲಿ ಎಂಟನೆಯವರಾಗಿ ಕೂರಿಸಬೇಡಿ. 'ಹಳೆಯದನ್ನೆಲ್ಲ ಮರೆತು ಬಂದಿದ್ದಾರೆ' ಎಂದು ಮೈಕಿನಲ್ಲಿ ಯಾರೂ ಹೇಳಕೂಡದು. ಮರೆತಿದ್ದಾರೋ ಇಲ್ಲವೋ ಹೇಳುವ ಹಕ್ಕು ಅವರದು. ಭಾಷಣಕ್ಕೆ ಒತ್ತಾಯ ಬೇಡ. ಅವರ ಕಾಲದ ಆಟಗಾರರೆಲ್ಲ ಮೈದಾನದ ನಡುವೆ ನಿಂತಿರಲಿ, ಅವರು ಸ್ಟಿಕ್ ಹಿಡಿದು ಮೊದಲ ಪಾಸ್ ತಳ್ಳಲಿ. ಅಷ್ಟಕ್ಕೆ ಐದು ನಿಮಿಷ ಸಾಕು.

ಇಷ್ಟೆಲ್ಲ ಮಾಡಿಯೂ ಈ ಬೆಳ್ಳಿಹಬ್ಬಕ್ಕೆ ಅವರು ಬರದೇ ಇರಬಹುದು. ಆಗ ನಿರ್ಣಯವನ್ನು ಹಿಂಪಡೆಯಬೇಡಿ, ಹಲಗೆಯ ಹೆಸರನ್ನು ಅಳಿಸಬೇಡಿ. ಕೀಯಾನ್ ಅವರ 2007ರ ಭೇಟಿಗೂ 2016ರ ಆ ರಾತ್ರಿಗೂ ನಡುವೆ ಒಂಬತ್ತು ವರ್ಷ ಇತ್ತು.

— ಸಂಪಾದಕರು