ನೆಟ್ ನ್ಯೂಟ್ರಾಲಿಟಿ: ನಾಯಕರು ‘ನಾನು ಪರ’ ಎಂದರೆ ಸಾಕಾ?

ಚುನಾವಣೆ ಹತ್ತಿರ ಬಂದರೆ ಸಾಕು, ಮುಂಬೈ ಸುತ್ತಮುತ್ತಲ ಓದುಗರಿಂದ ಇದೇ ಪ್ರಶ್ನೆಗಳು ಶುರುವಾಗುತ್ತವೆ. ನೆಟ್ ನ್ಯೂಟ್ರಾಲಿಟಿ ಎಂದರೆ ನೆಟ್ ಕೊಡುವ ಕಂಪನಿ ಎಲ್ಲ ಸೈಟು, ಆ್ಯಪ್‌ಗಳನ್ನೂ ಒಂದೇ ಸಮ ನೋಡಬೇಕು ಎಂಬ ತತ್ವ. ಇದಕ್ಕಿಂತ ಹೆಚ್ಚು ಮತ್ತೆ ಮೊದಲಿಂದ ಹೇಳುವ ತಾಳ್ಮೆ ನನಗಿಲ್ಲ. ನೇರ ವಿಷಯಕ್ಕೆ ಬರೋಣ.

ನಮ್ಮ ಸೊಸೈಟಿಯ ಗಣಪತಿಗೆ ಬಂದಿದ್ದ ನಾಯಕರೊಬ್ಬರು “ನಾನು ನೆಟ್ ನ್ಯೂಟ್ರಾಲಿಟಿ ಪರ, ಗೆದ್ದರೆ ನಾಕಾದಲ್ಲಿ ಫ್ರೀ ವೈಫೈ ಹಾಕಿಸುತ್ತೇನೆ” ಎಂದರು. ನಿಂತಿರುವುದು ಪಾಲಿಕೆ ಚುನಾವಣೆಗೆ. ನಂಬಬಹುದಾ? – ಡೊಂಬಿವಲಿಯ ಓದುಗರು

ವೈಫೈ ಹಾಕಿಸಿದರೆ ಬೇಡ ಅನ್ನಬೇಡಿ. ಆದರೆ ಪುಕ್ಕಟೆ ನೆಟ್ ಬೇರೆ, ಎಲ್ಲ ಸೈಟಿಗೂ ಒಂದೇ ದರ, ಒಂದೇ ವೇಗ ಇರಲಿ ಎನ್ನುವುದು ಬೇರೆ. ಎರಡನೆಯದರಲ್ಲಿ ಕಾರ್ಪೊರೇಟರ್ ಕೈಯಲ್ಲಿ ಏನೂ ಇಲ್ಲ. ಡೇಟಾ ದರದ ನಿಯಮ ಮಾಡುವುದು ಟ್ರಾಯ್, ಅಂದರೆ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಕಂಪನಿಗಳ ಲೈಸೆನ್ಸ್ ಷರತ್ತು ಬರೆಯುವುದು ದೆಹಲಿಯ ದೂರಸಂಪರ್ಕ ಇಲಾಖೆ. ಕೇಳುವುದಿದ್ದರೆ ನಿಮ್ಮ ಸಂಸದರನ್ನು ಕೇಳಿ.

ಅವರೂ “ಪರ” ಎಂದೇ ಹೇಳುತ್ತಾರೆ. ಹಾಗೆ ಹೇಳಲು ಖರ್ಚೇನಿದೆ? 2015ರ ಏಪ್ರಿಲ್‌ನಲ್ಲಿ ನೆಟ್ ನ್ಯೂಟ್ರಾಲಿಟಿ ಉಳಿಸಿ ಎಂದು ಟ್ರಾಯ್‌ಗೆ ಜನರಿಂದ ಸುಮಾರು 10 ಲಕ್ಷ ಈಮೇಲ್ ಹರಿದುಬಂದಾಗ ಎಲ್ಲ ಪಕ್ಷಗಳಿಗೂ ಈ ವಿಷಯ ನೆನಪಾಯಿತು. ರಾಹುಲ್ ಗಾಂಧಿ ಲೋಕಸಭೆಯಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಆಗಿನ ದೂರಸಂಪರ್ಕ ಸಚಿವ ರವಿಶಂಕರ್ ಪ್ರಸಾದ್ ಆರೋಪ ತಳ್ಳಿಹಾಕಿ, ತಾರತಮ್ಯ ಇಲ್ಲದ ನೆಟ್ಟೇ ನಮ್ಮ ನಿಲುವು ಎಂದರು. ಇಬ್ಬರೂ ಪರ! ಅದೇ ಜುಲೈನಲ್ಲಿ ಇಲಾಖೆಯ ಸಮಿತಿಯ ವರದಿ ಬಂತು. ತತ್ವ ಒಪ್ಪಿಗೆ ಎಂದಿತು. ಜೊತೆಗೆ, ಆ್ಯಪ್‌ಗಳಿಂದ ದೇಶದೊಳಗೆ ಮಾಡುವ ಕರೆಗಳನ್ನು ಮಾತ್ರ ಟೆಲಿಕಾಂ ಕರೆಗಳ ಹಾಗೆ ನಿಯಂತ್ರಿಸಬಹುದು ಎಂಬ ಸಲಹೆಯನ್ನೂ ಸೇರಿಸಿತು. ನಾನು ಭಾಷಣ ಬಿಟ್ಟು ಇಂಥ “ಆದರೆ”ಗಳನ್ನೇ ಹುಡುಕಿ ಓದುವುದು ಇದಕ್ಕೇ.

ನಿಜವಾದ ಕೆಲಸ ಆದದ್ದು 2016ರ ಫೆಬ್ರುವರಿ 8ರಂದು. ಸೈಟು ನೋಡಿ ಬೇರೆ ಬೇರೆ ದರ ಹಾಕುವುದನ್ನು ಟ್ರಾಯ್ ನಿಷೇಧಿಸಿತು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ಆಯ್ದ ಕೆಲವು ಸೈಟುಗಳನ್ನು ಮಾತ್ರ ಪುಕ್ಕಟೆ ತೋರಿಸುತ್ತಿದ್ದ ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಇಲ್ಲಿ ಮುಚ್ಚಿದ್ದು ಇದರಿಂದಲೇ. ವೇಗದಲ್ಲಿ ತಾರತಮ್ಯ ಬೇಡ ಎಂಬ ಷರತ್ತು 2018ರಲ್ಲಿ ಲೈಸೆನ್ಸಿಗೆ ಸೇರಿತು. ಇಷ್ಟೆಲ್ಲ ಆದರೂ ಇದಕ್ಕೆಂದೇ ಪಾರ್ಲಿಮೆಂಟಿನ ಕಾನೂನು ಇಲ್ಲ. ಬರೀ ನಿಯಮ, ಷರತ್ತು. ಬದಲಾಯಿಸುವುದು ಸುಲಭ. ಅಮೆರಿಕದಲ್ಲಿ ಏನಾಯಿತು ಗೊತ್ತಲ್ಲ? 2015ರಲ್ಲಿ ನಿಯಮ ತಂದರು, 2017ರಲ್ಲಿ ಕಿತ್ತುಹಾಕಿದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ರದ್ದು ಮಾಡಿತು. ಅಧ್ಯಕ್ಷರು ಬದಲಾದಾಗೆಲ್ಲ ನಿಯಮವೂ ಬದಲಾಯಿತು.

ಹಾಗಾಗಿ ಸಂಸದರು ಸಿಕ್ಕರೆ “ನೀವು ಪರವಾ” ಎಂದು ಕೇಳಿ ಸಮಯ ಹಾಳು ಮಾಡಬೇಡಿ. ಜಾಸ್ತಿ ಡೇಟಾ ಎಳೆಯುವ ವಿಡಿಯೋ ಕಂಪನಿಗಳು ನೆಟ್‌ವರ್ಕ್ ಖರ್ಚಿನಲ್ಲಿ ಪಾಲು ಕೊಡಬೇಕು ಎಂದು ಟೆಲಿಕಾಂ ಕಂಪನಿಗಳು 2023ರಲ್ಲೂ ಪಟ್ಟು ಹಿಡಿದಿದ್ದವು. ಇದಕ್ಕೆ ನೀವೇನಂತೀರಿ ಎಂದು ಕೇಳಿ. “ನ್ಯಾಯವಾದ ಪಾಲು ಕೊಡಲಿ ಬಿಡಿ” ಎಂದರೆ ಹುಷಾರು. ಆ ಡೇಟಾಕ್ಕೆ ನೀವು ರೀಚಾರ್ಜ್ ಮಾಡಿಸಿ ಆಗಲೇ ದುಡ್ಡು ಕೊಟ್ಟಿದ್ದೀರಿ. ಇನ್ನೊಂದು ಕಡೆಯಿಂದಲೂ ವಸೂಲಿ ಶುರುವಾದರೆ ದೊಡ್ಡ ಕಂಪನಿ ಕೊಟ್ಟು ಸುಮ್ಮನಾಗುತ್ತದೆ. ಕನ್ನಡದಲ್ಲಿ ಸಣ್ಣ ವಿಡಿಯೋ ಸೈಟು ನಡೆಸುವವನು ಎಲ್ಲಿಂದ ತರಬೇಕು? ಮುಂದಿನ ಪ್ರಶ್ನೆ: ಕಾನೂನು ತರಲು ಸದನದಲ್ಲಿ ಮಾತಾಡುತ್ತೀರಾ? ಅವರು ಸದನದಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಲೋಕಸಭೆಯ ವೆಬ್‌ಸೈಟಿನಲ್ಲಿವೆ. ಪ್ರಚಾರದ ಕರಪತ್ರಕ್ಕಿಂತ ಅದನ್ನು ನೋಡಿ.

ಡೇಟಾ ಮುಗಿದ ಮೇಲೆ ನೆಟ್ ತೆವಳುತ್ತದೆ. ಇದು ಉಲ್ಲಂಘನೆ ಅಲ್ವಾ? – ಥಾಣೆ

ಅಲ್ಲ. ಎಲ್ಲ ಸೈಟೂ ಒಂದೇ ಸಮ ತೆವಳುತ್ತವೆ.

ನಮ್ಮ ಸೊಸೈಟಿ ಒಬ್ಬನೇ ಕೇಬಲ್‌ನವನನ್ನು ಒಳಗೆ ಬಿಡುತ್ತದೆ. ಯಾವ ಪಕ್ಷಕ್ಕೆ ದೂರು ಕೊಡಲಿ? – ಮೀರಾ ರೋಡ್

ಪಕ್ಷಕ್ಕೆ ಯಾಕೆ? ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿ ಬಾಯಿ ಬಿಡಿ. ವಡಾಪಾವ್ ತಿಂದು ಸಹಿ ಹಾಕಿ ಬರಬೇಡಿ.

“ಇಂದು ರಾತ್ರಿಯಿಂದ ವಾಟ್ಸ್ಆ್ಯಪ್ ಕರೆಗೆ ಚಾರ್ಜ್, ಸಚಿವರೇ ಹೇಳಿದ್ದಾರೆ, ಈ ಆ್ಯಪ್ ಹಾಕಿಕೊಂಡರೆ ಪಾರು” ಎಂಬ ಮೆಸೇಜ್ ಬಂದಿದೆ. – ಪುಣೆ

ವರ್ಷಗಳಿಂದ ಆ “ಇಂದು ರಾತ್ರಿ” ಬರುತ್ತಲೇ ಇದೆ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ನೆಟ್ ಕರೆಗೆ ಬೇರೆ ದರ ಹಾಕಲು ಹೊರಟು, ಜನ ರೇಗಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದದ್ದು ನಿಜ. ಉಳಿದದ್ದು ಬೊಗಳೆ. ಆ ಆ್ಯಪ್ ಹಾಕಿಕೊಂಡಿದ್ದರೆ ಈಗಲೇ ತೆಗೆಯಿರಿ, ಬ್ಯಾಂಕ್ ಪಾಸ್‌ವರ್ಡ್ ಬೇರೆ ಫೋನಿನಿಂದ ಬದಲಾಯಿಸಿ. ಇಂಥವನ್ನು ಹಂಚುವ ಯೂಟ್ಯೂಬ್ ಪಂಡಿತರಿಗೆ ನೆಟ್‌ವರ್ಕ್ ಬಗ್ಗೆ ಗೊತ್ತಿರುವುದು ಲೈಕ್, ಶೇರ್, ಸಬ್‌ಸ್ಕ್ರೈಬ್ ಅಷ್ಟೇ.

ಎರಡು ದಿನದಿಂದ ನೆಟ್ ಇಲ್ಲ. ಟ್ರಾಯ್‌ಗೆ ಬರೆಯಲಾ, ಶಾಸಕರಿಗೆ ಬರೆಯಲಾ? – ಮಡಗಾಂವ್

ಇಬ್ಬರಿಗೂ ಬೇಡ. ಒಬ್ಬೊಬ್ಬರ ದೂರನ್ನು ಟ್ರಾಯ್ ಬಗೆಹರಿಸುವುದಿಲ್ಲ. ಕಂಪನಿಗೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ. ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಆ ನಂಬರ್ ಹಾಕಿ ಬರೆಯಿರಿ.