ಉಪ್ಪುನೀರಿನ ಸೂಕ್ಷ್ಮಜೀವಿಗಳು: ನೀವು ಕೇಳಿದಿರಿ

ಪ್ರಶ್ನೆ: ಕಾಂಡ್ಲಾವನದ ಕೆಸರಿನಿಂದ ಆ್ಯಕ್ಟಿನೋಮೈಸಿಟ್‌ಗಳನ್ನು (ಬೂಸ್ಟಿನಂತೆ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ) ಬೇರ್ಪಡಿಸುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಮೂರು ಸಲ ಅಗರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಹಾಕಿದೆ. ಎರಡೇ ದಿನಕ್ಕೆ ಬೇರೆ ಬ್ಯಾಕ್ಟೀರಿಯಾ ಇಡೀ ಪ್ಲೇಟಿಗೆ ಹಬ್ಬಿಬಿಡುತ್ತವೆ. ಕಳೆದ ಸಲ ಕೆಸರನ್ನು 80 ಡಿಗ್ರಿಯಲ್ಲಿ ಕಾಯಿಸಿದರೂ ಅದೇ ಕಥೆ. ಎಲ್ಲಿ ತಪ್ಪುತ್ತಿದೆ?
– ವಿದ್ಯಾರ್ಥಿನಿ, ಕಾರವಾರ

ಉತ್ತರ: ಆ 80 ಡಿಗ್ರಿಯೇ ನಿಮ್ಮ ವೈರಿ. ಅಷ್ಟು ಬಿಸಿಗೆ ವಿಬ್ರಿಯೊ, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಸಾಯುತ್ತವೆ, ಸರಿ. ಆದರೆ ಆ್ಯಕ್ಟಿನೋಮೈಸಿಟ್‌ನ ಬೀಜಾಣು ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೀಜಾಣುವಿನಷ್ಟು ಗಟ್ಟಿಯಲ್ಲ. ಕೊನೆಗೆ ಉಳಿಯುವುದು ಬ್ಯಾಸಿಲಸ್ ಮಾತ್ರ. ಎದುರಾಳಿಗಳೇ ಇಲ್ಲದ ಪ್ಲೇಟಿನಲ್ಲಿ ಅದು ಚಾಪೆ ಹಾಸಿದಂತೆ ಹರಡುತ್ತದೆ.

ಹೀಗೆ ಮಾಡಿ ನೋಡಿ. ಕೆಸರನ್ನು ಪೆಟ್ರಿ ಡಿಶ್‌ನಲ್ಲಿ ತೆಳ್ಳಗೆ ಹರಡಿ, ಲ್ಯಾಮಿನಾರ್ ಹುಡ್‌ನಲ್ಲಿ ರಾತ್ರಿಯಿಡೀ ಒಣಗಿಸಿ ಪುಡಿಮಾಡಿ. ಒಣಗುವಾಗಲೇ ಅರ್ಧ ಕಾಟ ಕಳೆಯುತ್ತದೆ. 1 ಗ್ರಾಂ ಪುಡಿಗೆ 4 ಮಿ.ಲೀ. ಸ್ಟೆರೈಲ್ ಕಡಲನೀರು ಸೇರಿಸಿ, 55 ಡಿಗ್ರಿಯ ವಾಟರ್ ಬಾತ್‌ನಲ್ಲಿ ಬರೀ 6 ನಿಮಿಷ ಇಡಿ. ಚೆನ್ನಾಗಿ ಕುಲುಕಿ, ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ನೀರಿನಿಂದ 50 ಮೈಕ್ರೋಲೀಟರ್ ತೆಗೆದು ಹರಡಿ. ಇನ್ನೂ ಸರಳ ದಾರಿ ಬೇಕೆಂದರೆ, ಸ್ಟೆರೈಲ್ ಸ್ಪಂಜಿನ ತುಂಡನ್ನು ಒಣಪುಡಿಗೆ ಒತ್ತಿ, ಪ್ಲೇಟಿನ ಮೇಲೆ ಎಂಟು ಹತ್ತು ಕಡೆ ಮುದ್ರೆ ಒತ್ತುತ್ತಾ ಹೋಗಿ. ಪುಡಿ ಕಡಿಮೆಯಾಗುತ್ತಾ ಹೋದಂತೆ ಕಾಲನಿಗಳು ಬಿಡಿಬಿಡಿಯಾಗಿ ಸಿಗುತ್ತವೆ.

ಮಾಧ್ಯಮ: 1 ಲೀಟರ್ ಸೋಸಿದ ಕಡಲನೀರಿಗೆ ಪಿಷ್ಟ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 4 ಗ್ರಾಂ, ಪೆಪ್ಟೋನ್ 2 ಗ್ರಾಂ, ಅಗರ್ 18 ಗ್ರಾಂ. ಮೊದಲ ಸುತ್ತಿಗೆ ಅಗರ್ ಬಿಟ್ಟು ಉಳಿದ ಮೂರನ್ನೂ ಕಾಲು ಭಾಗಕ್ಕೆ ಇಳಿಸುವುದು ಒಳ್ಳೆಯದು. ಹೊಟ್ಟೆ ತುಂಬಾ ಊಟ ಸಿಕ್ಕರೆ ಬೇಗ ಬೆಳೆಯುವವೇ ಮೇಲುಗೈ ಸಾಧಿಸುತ್ತವೆ. ಆಟೊಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ) ಶುದ್ಧವಾಗಿ 50 ಡಿಗ್ರಿಗೆ ತಣಿದ ಮೇಲೆ, ಬೂಸ್ಟು ತಡೆಯಲು ಮಿ.ಲೀ.ಗೆ 100 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಸೇರಿಸಿ. ಅದು ನಮಗೂ ವಿಷವೇ, ಪುಡಿ ತೂಗುವಾಗ ಗ್ಲೌಸು, ಮಾಸ್ಕು ತಪ್ಪಿಸಬೇಡಿ. ನ್ಯಾಲಿಡಿಕ್ಸಿಕ್ ಆಮ್ಲವನ್ನು ಮಿ.ಲೀ.ಗೆ 25 ಮೈಕ್ರೋಗ್ರಾಂ ಹಾಕಿದರೆ ವಿಬ್ರಿಯೊ, ಸ್ಯೂಡೊಮೊನಾಸ್‌ನಂಥ ಗ್ರಾಂ-ನೆಗೆಟಿವ್‌ ಬ್ಯಾಕ್ಟೀರಿಯಾಗಳಿಗೆ ತಡೆ ಬೀಳುತ್ತದೆ. ಬ್ಯಾಸಿಲಸ್ ಇದಕ್ಕೆ ಸುಲಭವಾಗಿ ಜಗ್ಗದು. ಅದರ ಓಡಾಟಕ್ಕೆ ಮದ್ದು ಒಣ ಪ್ಲೇಟ್. ಮುಚ್ಚಳದಲ್ಲಿ ನೀರಹನಿ ಕಂಡರೆ ಆ ಪ್ಲೇಟನ್ನು ಇನ್ನಷ್ಟು ಒಣಗಿಸದೆ ಬಳಸಬೇಡಿ.

ಕಡಲನೀರನ್ನು ಆಟೊಕ್ಲೇವ್ ಮಾಡಿದರೆ ಬಿಳಿ ಗಸಿ ಕೂರುತ್ತದೆ, ಅದು ಕಾರ್ಬೊನೇಟ್, ಫಾಸ್ಫೇಟ್. ಅಪಾಯವೇನಿಲ್ಲ, ಆದರೆ ಪ್ಲೇಟಿನಲ್ಲಿ ಅದನ್ನೇ ಕಾಲನಿ ಎಂದು ಎಣಿಸಿದವರಿದ್ದಾರೆ. ಅದಕ್ಕೇ ಏನೂ ಹಚ್ಚದ ಒಂದು ಖಾಲಿ ಪ್ಲೇಟನ್ನು ಜೊತೆಗೇ ಇಡಿ.

28 ಡಿಗ್ರಿಯಲ್ಲಿ ಎರಡರಿಂದ ಆರು ವಾರ ಕಾಯಬೇಕು. ಅಷ್ಟು ದಿನಕ್ಕೆ ಅಗರ್ ಒಣಗಿ ಬಿರಿಯುತ್ತದೆ, ಹಾಗಾಗಿ ಪ್ಲೇಟಿಗೆ 25 ಮಿ.ಲೀ. ಸುರಿದು, ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿ, ತಲೆಕೆಳಗಾಗಿ ಇಡಿ. ನಿಮಗೆ ಬೇಕಾದ ಕಾಲನಿ ಲೋಳೆಯಾಗಿರುವುದಿಲ್ಲ. ಪುಡಿಪುಡಿಯಾಗಿ ಅಥವಾ ಚರ್ಮದಂತೆ ಅಗರಿಗೆ ಕಚ್ಚಿಕೊಂಡಿರುತ್ತದೆ, ಲೂಪ್‌ನಿಂದ ಎಬ್ಬಿಸಲು ಹೋದರೆ ಅಗರ್ ಸಮೇತ ಕಿತ್ತು ಬರುತ್ತದೆ. ಇನ್ನೊಂದು ಮಾತು: ಕಾಳಿ ಅಳಿವೆಯ ಕೆಸರಿಗೆ ಹೊಳೆ ತಂದ ನೆಲದ ಸ್ಟ್ರೆಪ್ಟೊಮೈಸಿಸ್ (ಅದೂ ಆ್ಯಕ್ಟಿನೋಮೈಸಿಟ್‌ ಗುಂಪಿನದೇ) ಕೂಡ ಸೇರಿರುತ್ತದೆ. ಪ್ರತಿ ಕಾಲನಿಯನ್ನೂ ಕಡಲನೀರಿನ ಮಾಧ್ಯಮ, ಡಿಸ್ಟಿಲ್ಡ್ ನೀರಿನ ಮಾಧ್ಯಮ ಎರಡರಲ್ಲೂ ಗೀರಿ ನೋಡಿ. ಎರಡರಲ್ಲೂ ಬೆಳೆದದ್ದನ್ನು ‘ಕಡಲಜೀವಿ’ ಎಂದು ಪ್ರಬಂಧದಲ್ಲಿ ಬರೆಯುವ ಮೊದಲು ಎರಡು ಸಲ ಯೋಚಿಸಿ.

ಪ್ರಶ್ನೆ: ನಮ್ಮದು ಗಜನಿಯಲ್ಲಿ (ಉಪ್ಪುನೀರು ಏರುವ ತಗ್ಗು ಗದ್ದೆ) ಸಿಗಡಿ ಹೊಂಡ. ಲ್ಯಾಬ್ ಪ್ಲೇಟಿನಲ್ಲಿ ಹಸಿರು ಚುಕ್ಕೆ ಬಂದರೆ ಗಂಡಾಂತರ, ಹಳದಿ ಬಂದರೆ ಚಿಂತೆಯಿಲ್ಲ ಅನ್ನುತ್ತಾರೆ. ನಿಜವೇ? ಪ್ರೊಬಯೊಟಿಕ್‌ಗೆ ಸುರಿದ ದುಡ್ಡೂ ನೀರಿಗೆ ಹಾಕಿದ ಹಾಗಾಗಿದೆ.
– ಸಿಗಡಿ ಕೃಷಿಕ, ಕುಮಟಾ

ಉತ್ತರ: ಅರ್ಧ ಮಾತ್ರ ನಿಜ. ವಿಬ್ರಿಯೊ ಬ್ಯಾಕ್ಟೀರಿಯಾ ಎಣಿಸಲು ಲ್ಯಾಬಿನವರು ಬಳಸುವ ಟಿಸಿಬಿಎಸ್ ಪ್ಲೇಟಿನ ಬಣ್ಣ ಹೇಳುವುದು ಒಂದೇ ಸಂಗತಿ: ಆ ವಿಬ್ರಿಯೊ ಸಕ್ಕರೆಯನ್ನು ಹುಳಿಯಾಗಿಸುತ್ತದೆಯೇ ಇಲ್ಲವೇ ಎಂದು. ಹುಳಿಯಾಗಿಸಿದರೆ ಹಳದಿ, ಇಲ್ಲದಿದ್ದರೆ ಹಸಿರು. ವಿಬ್ರಿಯೊ ಪ್ಯಾರಾಹಿಮೊಲಿಟಿಕಸ್ ಹಸಿರು, ಆಲ್ಜಿನೊಲಿಟಿಕಸ್ ಹಳದಿ, ಹಾರ್ವೆಯಿ ಎರಡೂ ಬಣ್ಣದಲ್ಲಿ ಬರುತ್ತದೆ. ಸಿಗಡಿ ಮರಿಗಳನ್ನು ರಾಶಿರಾಶಿ ಕೊಂದ ಇಎಂಎಸ್ (ಮರಿಗಳ ಅಕಾಲ ಸಾವು) ರೋಗಕ್ಕೆ ಪ್ಯಾರಾಹಿಮೊಲಿಟಿಕಸ್ ಕಾರಣ ಎಂದು 2013ರಲ್ಲಿ ಗೊತ್ತಾಯಿತು. ಆದರೆ ವಿಷದ ಜೀನ್ ಹೊತ್ತ ತಳಿಯೂ ಹಸಿರು, ಹೊರದ ತಳಿಯೂ ಹಸಿರು. ಅದನ್ನು ಬೇರೆ ಮಾಡಿ ಹೇಳುವುದು ಜೀನ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾತ್ರ.

ಲ್ಯಾಬಿನವರನ್ನು ನಾಲ್ಕು ವಿಷಯ ಕೇಳಿ. ನೀರನ್ನು ತೆಳುಗೊಳಿಸಲು ಡಿಸ್ಟಿಲ್ಡ್ ನೀರು ಬಳಸಿದರೇ? ವಿಬ್ರಿಯೊ ಅದರಲ್ಲಿ ಒಡೆದು ಸಾಯುತ್ತದೆ, ಲೆಕ್ಕ ಸುಳ್ಳಾಗಿ ಕಡಿಮೆ ಬರುತ್ತದೆ. 2ರಿಂದ 3% ಉಪ್ಪುನೀರು ಬೇಕು. ಸ್ಯಾಂಪಲ್ ಬಾಟಲಿ ನೇರವಾಗಿ ಐಸಿಗೆ ತಾಗಿತ್ತೇ? ಚಳಿಗೆ ಮರಗಟ್ಟಿದ ವಿಬ್ರಿಯೊ ಬದುಕಿದ್ದರೂ ಪ್ಲೇಟಿನಲ್ಲಿ ಏಳುವುದಿಲ್ಲ. ಟಿಸಿಬಿಎಸ್ಸನ್ನು ಆಟೊಕ್ಲೇವ್ ಮಾಡಿದರೇ? ಕುದಿಸಿದರೆ ಸಾಕು, ಆಟೊಕ್ಲೇವ್ ಸಲ್ಲದು. ಎಷ್ಟು ಗಂಟೆಗೆ ಓದಿದರು? 18ರಿಂದ 24 ಗಂಟೆಯೊಳಗೆ ಓದಬೇಕು. ಫ್ರಿಜ್ಜಿನಲ್ಲಿಟ್ಟು ಮರುದಿನ ನೋಡಿದರೆ ಹಳದಿಯೂ ಹಸಿರಿಗೆ ತಿರುಗಿರುತ್ತದೆ. ಎಷ್ಟೋ ‘ಗಂಡಾಂತರ’ಗಳ ಮೂಲ ಇದೇ.

ಪ್ರೊಬಯೊಟಿಕ್ (ಹೊಂಡಕ್ಕೆ ಹಾಕುವ ಉಪಕಾರಿ ಬ್ಯಾಕ್ಟೀರಿಯಾ) ವಿಚಾರ. ಕ್ಲೋರಿನ್, ಅಯೊಡಿನ್, ಬಿಕೆಸಿಯಂಥ ಕ್ರಿಮಿನಾಶಕ ಹಾಕಿದ ಮರುದಿನವೇ ಪ್ರೊಬಯೊಟಿಕ್‌ನ ಬ್ಯಾಸಿಲಸ್ ಹಾಕಿದರೆ ಅದೂ ಸಾಯುತ್ತದೆ. ಬೆಲ್ಲದ ನೀರಿನಲ್ಲಿ ಕುದುರಿಸುವಾಗ ಡ್ರಮ್ಮು ಕೊಳಕಿದ್ದರೆ, ಗಾಳಿ ಆಡದಿದ್ದರೆ, ನೀವು ಬೆಳೆಸಿದ್ದು ಬೇರೇನೋ. ಕೊಳೆತ ನಾತ ಬಂದರೆ ಹೊಂಡಕ್ಕೆ ಹಾಕಲೇಬೇಡಿ.

ಅಮೋನಿಯಾ ಇಳಿಸಲು ಬೆಲ್ಲ ಹಾಕುವುದಾದರೆ ಲೆಕ್ಕ ಹಾಕಿಯೇ ಹಾಕಿ. 1 ಗ್ರಾಂ ಅಮೋನಿಯಾ ಸಾರಜನಕವನ್ನು ಬ್ಯಾಕ್ಟೀರಿಯಾ ನುಂಗಬೇಕಾದರೆ ಸುಮಾರು 15 ಗ್ರಾಂ ಸಕ್ಕರೆ ಪದಾರ್ಥ, 4.7 ಗ್ರಾಂ ಆಮ್ಲಜನಕ ಬೇಕು. ಎಕರೆ ಹೊಂಡ, 1.2 ಮೀಟರ್ ಆಳ ಎಂದರೆ ಸುಮಾರು 48 ಲಕ್ಷ ಲೀಟರ್. ಲೀಟರಿಗೆ 0.5 ಮಿಲಿಗ್ರಾಂ ಇಳಿಸಬೇಕೆಂದರೆ 2.4 ಕಿಲೊ ಸಾರಜನಕ, ಅಂದರೆ ಹೆಚ್ಚುಕಡಿಮೆ 40 ಕಿಲೊ ಬೆಲ್ಲ. ಜೊತೆಗೆ 11 ಕಿಲೊ ಆಮ್ಲಜನಕವೂ ಖರ್ಚು! ಒಮ್ಮೆಗೇ ಸಂಜೆ ಸುರಿದು, ರಾತ್ರಿ ಕರೆಂಟು ಕೈಕೊಟ್ಟರೆ ಬೆಳಗ್ಗೆ ಸಿಗಡಿ ದಡದಲ್ಲಿ ತೇಲುತ್ತವೆ. ನಾಲ್ಕು ಕಂತು ಮಾಡಿ, ಬಿಸಿಲೇರಿದ ಮೇಲೆ, ಏರೇಟರ್ ಓಡುತ್ತಿರುವಾಗಲೇ ಹಾಕಿ.

ಪ್ರಶ್ನೆ: ಕಡಲ ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್ ಔಷಧ ಬಂತು ಎಂದು ಆಗಾಗ ಓದುತ್ತೇವೆ. ಅಂಗಡಿಗೆ ಬಂದದ್ದು ಯಾವುದು?
– ಔಷಧ ವ್ಯಾಪಾರಿ, ದಾವಣಗೆರೆ

ಉತ್ತರ: ನಿಮ್ಮ ಕಪಾಟಿನಲ್ಲೇ ಒಂದಿದೆ, ಆದರೆ ಕ್ಯಾನ್ಸರಿನದ್ದಲ್ಲ, ಬ್ಯಾಕ್ಟೀರಿಯಾದ್ದೂ ಅಲ್ಲ. ಸೆಫಲೊಸ್ಪೊರಿನ್ ಎಂಬ ಆ್ಯಂಟಿಬಯೊಟಿಕ್‌ಗಳ ಮೂಲ ಇಟಲಿಯ ಸಾರ್ಡಿನಿಯಾದ ಕಡಲತೀರ. ಕಾಲ್ಯರಿ ಪಟ್ಟಣದ ಚರಂಡಿ ಸಮುದ್ರ ಸೇರುವಲ್ಲಿ ಜ್ಯುಸೆಪ್ಪೆ ಬ್ರೊಟ್ಸು 1945ರಲ್ಲಿ ಹಿಡಿದ ಬೂಸ್ಟಿನಿಂದ ಅದು ಶುರುವಾಯಿತು.

ಕ್ಯಾನ್ಸರಿನಲ್ಲಿ ಹೆಚ್ಚು ಸದ್ದು ಮಾಡಿದ್ದು ಸ್ಯಾಲಿನಿಸ್ಪೊರಾ ಟ್ರಾಪಿಕಾ ಎಂಬ ಕಡಲ ಬ್ಯಾಕ್ಟೀರಿಯಾ. ಬಹಾಮಾಸ್ ದ್ವೀಪಗಳ ಕಡಲ ಮಣ್ಣಿನಿಂದ ವಿಲಿಯಂ ಫೆನಿಕಲ್, ಪಾಲ್ ಜೆನ್ಸನ್ ತಂಡ ಬೇರ್ಪಡಿಸಿದ್ದು. ಅದು ತಯಾರಿಸುವ ಸ್ಯಾಲಿನೊಸ್ಪೊರಮೈಡ್-ಎ ಎಂಬ ಅಣು 2003ರಲ್ಲಿ ಬೆಳಕಿಗೆ ಬಂತು, ಮ್ಯಾರಿಜೊಮಿಬ್ ಹೆಸರಿನಲ್ಲಿ ಮಿದುಳಿನ ಗ್ಲಿಯೊಬ್ಲಾಸ್ಟೊಮಾ ಗಡ್ಡೆಗೆ ಮೂರನೇ ಹಂತದ ಪರೀಕ್ಷೆವರೆಗೂ ಹೋಯಿತು. ರೋಗಿಗಳ ಆಯುಸ್ಸು ಹೆಚ್ಚಲಿಲ್ಲ. ಅಂಗಡಿಗೆ ಬಂದದ್ದು ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಔಷಧ. ಇದನ್ನು ಮೊದಲು ಕಂಡದ್ದು ಕೆರಿಬಿಯನ್ ಕಡಲಿನ ಒಂದು ಟ್ಯೂನಿಕೇಟ್ (ಒಂದೆಡೆ ಅಂಟಿ ಬದುಕುವ, ಚೀಲದಂಥ) ಪ್ರಾಣಿಯಲ್ಲಿ, ತಯಾರಿಸುವುದು ಅದರೊಳಗಿನ ಬ್ಯಾಕ್ಟೀರಿಯಾ ಎಂಬುದು ಆಮೇಲೆ ತಿಳಿಯಿತು. ಗ್ರಾಂ ಔಷಧಕ್ಕೆ ಟನ್‌ಗಟ್ಟಲೆ ಪ್ರಾಣಿ ಹಿಡಿಯುವುದು ಆಗದ ಮಾತು. ಈಗ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾದಿಂದ ಸಯನೊಸಫ್ರಾಸಿನ್-ಬಿ ಎಂಬ ಹತ್ತಿರದ ಅಣುವನ್ನು ಪಡೆದು, ಮುಂದಿನದನ್ನು ರಾಸಾಯನಿಕವಾಗಿ ಮುಗಿಸುತ್ತಾರೆ.

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಕೆಲವೊಮ್ಮೆ ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತದೆ. ಅದೂ ಬ್ಯಾಕ್ಟೀರಿಯಾವೇ?
– ಗೃಹಿಣಿ, ಉಡುಪಿ

ಉತ್ತರ: ಅಲ್ಲ. 2020ರ ನವೆಂಬರಿನಲ್ಲಿ ನಿಮ್ಮ ಕಡೆಯ ಕಡಲತೀರದಲ್ಲಿ ಜನ ಮುಗಿಬಿದ್ದು ನೋಡಿದ್ದು ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿಯನ್ನು. ಅಲೆ ಒಡೆದಾಗ, ಕಾಲಿಟ್ಟಾಗ ಮಾತ್ರ ಫಕ್ಕನೆ ಮಿನುಗಿ ಆರುತ್ತದೆ. ಬ್ಯಾಕ್ಟೀರಿಯಾದ ಬೆಳಕು ಹಾಗಲ್ಲ, ಅಲುಗಾಡಿಸದಿದ್ದರೂ ಒಂದೇ ಸಮ ಉರಿಯುತ್ತದೆ. ಅದೂ ಸಾಕಷ್ಟು ಗುಂಪು ಸೇರಿದ ಮೇಲೆ. ನಾಕ್ಟಿಲ್ಯೂಕಾ ತಾನಾಗಿ ವಿಷಕಾರಿಯಲ್ಲ, ಆದರೆ ಒಡಲಲ್ಲಿ ಅಮೋನಿಯಾ ತುಂಬಿಕೊಂಡಿರುತ್ತದೆ. ದಟ್ಟವಾಗಿ ಹಬ್ಬಿ ಸತ್ತು ಕೊಳೆತರೆ ನೀರಿನ ಆಮ್ಲಜನಕ ಕುಸಿದು ಮೀನು ಅತ್ತ ಸುಳಿಯುವುದಿಲ್ಲ.

ಬ್ಯಾಕ್ಟೀರಿಯಾದ ಬೆಳಕು ಮನೆಯಲ್ಲೇ ನೋಡಬಹುದು. ಐಸ್ ಹಾಕದ ತಾಜಾ ಬೊಂಡಾಸನ್ನು (ಸ್ಕ್ವಿಡ್) ತೊಳೆಯದೆ ತಟ್ಟೆಯಲ್ಲಿಟ್ಟು, ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರನ್ನು ಅರ್ಧ ಮುಳುಗುವಷ್ಟು ಹಾಕಿ. 15 ಡಿಗ್ರಿ ಆಸುಪಾಸಿನ ತಂಪಿನಲ್ಲಿ ಒಂದೆರಡು ದಿನ ಇಟ್ಟು, ಕತ್ತಲಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ಕಾದು ನೋಡಿ. ಕರಾವಳಿಯ 30 ಡಿಗ್ರಿಯಲ್ಲಿಟ್ಟರೆ ಬೆಳಕಿಗಿಂತ ಮೊದಲು ನಾತ ಬರುತ್ತದೆ! ನೋಡಿದ ಮೇಲೆ ಅದನ್ನು ಅಡುಗೆಗೆ ಬಳಸಬೇಡಿ. ಇದೇ ಗುಣವನ್ನು ಲ್ಯಾಬುಗಳು ದುಡಿಸಿಕೊಳ್ಳುತ್ತವೆ: ಅಲಿವಿಬ್ರಿಯೊ ಫಿಶರಿ ಎಂಬ ಹೊಳೆಯುವ ಬ್ಯಾಕ್ಟೀರಿಯಾಕ್ಕೆ ಕಾರ್ಖಾನೆಯ ತ್ಯಾಜ್ಯನೀರು ಸೇರಿಸಿ, 30 ನಿಮಿಷದಲ್ಲಿ ಬೆಳಕು ಎಷ್ಟು ಮಂಕಾಯಿತೆಂದು ಅಳೆದರೆ ನೀರಿನ ವಿಷ ಎಷ್ಟೆಂದು ತಿಳಿಯುತ್ತದೆ.

ಪ್ರಶ್ನೆ: ನಾವು ಮೀನು ತಿನ್ನುವುದಿಲ್ಲ. ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಾದ ಡಿಎಚ್‌ಎಗಾಗಿ ಸ್ಪಿರುಲಿನಾ ಸಾಕಲ್ಲವೇ?
– ಓದುಗರು, ಶಿರಸಿ

ಉತ್ತರ: ಸಾಲದು. ಸ್ಪಿರುಲಿನಾದಲ್ಲಿರುವುದು ಮುಖ್ಯವಾಗಿ ಜಿಎಲ್‌ಎ ಎಂಬ ಕೊಬ್ಬು, ಅದು ಒಮೆಗಾ-6. ಅಗಸೆಬೀಜದ ಎಎಲ್‌ಎ ಒಮೆಗಾ-3 ಹೌದು, ಆದರೆ ನಮ್ಮ ದೇಹ ಅದರಲ್ಲಿ ತೀರಾ ಅಲ್ಪ ಭಾಗವನ್ನಷ್ಟೇ ಡಿಎಚ್‌ಎ ಮಾಡುತ್ತದೆ. ಮೀನಿಗೂ ಡಿಎಚ್‌ಎ ಸಿಗುವುದು ಕಡಲ ಸೂಕ್ಷ್ಮಜೀವಿಗಳಿಂದಲೇ, ಆಹಾರ ಸರಪಳಿಯ ಮೂಲಕ. ನೇರವಾಗಿ ಮೂಲಕ್ಕೇ ಹೋಗಬೇಕೆಂದರೆ ಡಬ್ಬಿಯ ಮೇಲೆ ‘ಸ್ಕೈಜೊಕೈಟ್ರಿಯಂ’ ಎಂಬ ಕಡಲ ಸೂಕ್ಷ್ಮಜೀವಿಯ ಹೆಸರು ಹುಡುಕಿ. ಅದನ್ನು ಟ್ಯಾಂಕುಗಳಲ್ಲಿ ಸಕ್ಕರೆ ಉಣಿಸಿ ಬೆಳೆಸಿ ಎಣ್ಣೆ ತೆಗೆಯುತ್ತಾರೆ. ‘ಒಟ್ಟು ಎಣ್ಣೆ 500 ಮಿಲಿಗ್ರಾಂ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಮೋಸಹೋಗಬೇಡಿ, ಕೆಳಗೆ ಸಣ್ಣಕ್ಷರದಲ್ಲಿ ಡಿಎಚ್‌ಎ ಎಷ್ಟು ಎಂದಿದೆಯೋ ಅದನ್ನು ಓದಿ. ಡಬ್ಬಿಯೇನೋ ಸಸ್ಯಾಹಾರಿ ಎನ್ನುತ್ತದೆ, ಆದರೆ ಹೊರಗಿನ ಕ್ಯಾಪ್ಸೂಲ್ ಪ್ರಾಣಿಮೂಲದ ಜೆಲಟಿನ್‌ನದ್ದೋ ಎಂಬುದನ್ನೂ ನೋಡಿಕೊಳ್ಳಿ.