‘ನೂರಕ್ಕೆ ನೂರು’ ಫಲಿತಾಂಶದ ಒಳಗೆ

ಪ್ರಶ್ನೆ: ಮಗಳನ್ನು ಹಾಸನದಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿಸಬೇಕೆಂದಿದ್ದೇವೆ. ಕಾಲೇಜಿನವರು ನೂರಕ್ಕೆ ನೂರು ಫಲಿತಾಂಶ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಸುಳ್ಳೇನೂ ಇರಲಿಕ್ಕಿಲ್ಲ, ಆದರೆ ಅದು ಅರ್ಧ ಲೆಕ್ಕ. 60 ಮಂದಿ ಸೇರಿದ್ದಾರೆ ಅನ್ನಿ. ಮೊದಲ ವರ್ಷವೇ 9 ಜನ ಬಿಟ್ಟರು, 6 ಜನ ಹಾಜರಾತಿ ಸಾಲದೆ ಹಿಂದುಳಿದರು. ಉಳಿದ 45 ಮಂದಿ ಪರೀಕ್ಷೆ ಬರೆದು ಎಲ್ಲರೂ ಪಾಸಾದರೆ ಫ್ಲೆಕ್ಸ್‌ನಲ್ಲಿ ಶೇ. 100. ಸೇರಿದವರ ಲೆಕ್ಕದಲ್ಲಿ ಶೇ. 75.

ಹಾಗಾಗಿ ಹೀಗೆ ಕೇಳಿ: 2021ರಲ್ಲಿ ಸೇರಿದವರೆಷ್ಟು, ಅವರಲ್ಲಿ ನಾಲ್ಕೇ ವರ್ಷಕ್ಕೆ ಮುಗಿಸಿದವರೆಷ್ಟು? ಮೊದಲನೇ ಮತ್ತು ಮೂರನೇ ಸೆಮಿಸ್ಟರ್‌ನ ಹಾಜರಿ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೂ ಸಾಕು, ಬಿಟ್ಟುಹೋದವರು ಕಾಣುತ್ತಾರೆ. ತೋರಿಸಲು ತಡವರಿಸಿದರೆ ಅದೂ ಒಂದು ಉತ್ತರವೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲು ಕೈಕೊಡುವುದು ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ಅಂಗಗಳ ಕೆಲಸ). ವಿಷಯ ತಿಳಿದಿರುತ್ತದೆ, ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ. ಇಂಟರ್ನಲ್ ಪರೀಕ್ಷೆ (ಕಾಲೇಜೇ ನಡೆಸುವ ಪರೀಕ್ಷೆ) ಮುಗಿದ ವಾರದಲ್ಲೇ ಪೂರಕ ತರಗತಿ ಇಡುತ್ತಾರೆಯೇ ಎಂದು ವಿಚಾರಿಸಿ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು. ಪದವಿ ಸಿಗಬೇಕಾದರೆ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿ ಡ್ಯೂಟಿ, ಪೂರ್ತಿ ಮುಗಿಸಿರಬೇಕು. ತಪ್ಪಿದ ಡ್ಯೂಟಿಯನ್ನು ರಜೆಯಲ್ಲಿ ತುಂಬಿಕೊಡಬೇಕಾಗುತ್ತದೆ. ಸಕಲೇಶಪುರದಿಂದ ದಿನಾ ಬಸ್ಸಿನಲ್ಲಿ ಬಂದು ಬೆಳಗಿನ ವಾರ್ಡ್ ಡ್ಯೂಟಿ ಹಿಡಿಯುವುದು, ಅದರಲ್ಲೂ ಮಳೆಗಾಲದಲ್ಲಿ, ಕಷ್ಟ. ಮೊದಲ ವರ್ಷವಾದರೂ ಹಾಸ್ಟೆಲ್ಲಿಗೆ ಹಾಕಿ.